ಸ್ವಾತಂತ್ರ್ಯದ ಆದರ್ಶವೂ ಬಲಪ್ರಯೋಗವೂ

ಮನುಷ್ಯನು ತನ್ನ ದೇಹ, ದುಡಿಮೆ, ನಂಬಿಕೆಗಳಿಗೆ ತಾನೇ ಒಡೆಯನು. ಪರರಿಗೆ ಕೇಡು ಮಾಡದವರೆಗೆ ಅವನನ್ನು ಬಲವಂತಪಡಿಸುವ ಅಧಿಕಾರ ಸಮಾಜಕ್ಕಾಗಲಿ ಸರ್ಕಾರಕ್ಕಾಗಲಿ ಇಲ್ಲ. ಇದೇ ವ್ಯಕ್ತಿಸ್ವಾತಂತ್ರ್ಯವಾದದ ಸಾರ. ಇದರ ಎರಡನೆಯ ಮಾತನ್ನು ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿಶದವಾಗಿ ಪ್ರತಿಪಾದಿಸಿದನು. ತತ್ತ್ವವೇನೋ ಸರಳವಾದುದು. ಆದರೆ ಅದನ್ನು ರಾಜಕೀಯಕ್ಕೆ ತರಹೊರಟೊಡನೆ ಒಂದು ತೊಡಕು ಎದುರಾಗುತ್ತದೆ. ರಾಜಕೀಯವು ಶಾಸನವನ್ನು ಮಾಡುತ್ತದೆ. ಶಾಸನದ ಹಿಂದೆ ದಂಡವಿರುತ್ತದೆ. ಬಲಪ್ರಯೋಗವನ್ನು ಒಲ್ಲದ ಆದರ್ಶವು ಬಲವನ್ನೇ ಆಧರಿಸಿದ ರಾಜಕೀಯದಲ್ಲಿ ಹರಡುವುದು ಸಾಧ್ಯವೆ?

ಇದಕ್ಕೆ ಎರಡು ಬಗೆಯ ಉತ್ತರಗಳುಂಟು. ಮೊದಲು ಅಧಿಕಾರವನ್ನು ಹಿಡಿದು, ಅನಂತರ ಆಜ್ಞೆಯ ಮೂಲಕ ಸ್ವಾತಂತ್ರ್ಯವನ್ನು ನೀಡಬೇಕೆಂಬುದು ಒಂದು. ಆಳುವವನ ಬಲವೆಲ್ಲ ಆಳಿಸಿಕೊಳ್ಳುವವರ ಒಪ್ಪಿಗೆಯಿಂದಲೇ ಬಂದುದರಿಂದ, ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡರೆ ಸಾಕೆಂಬುದು ಇನ್ನೊಂದು. ಎರಡನೆಯದನ್ನು 16ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಲಾ ಬೊಯೆಸಿ ಎಂಬ ಲೇಖಕನು ಹೇಳಿದ್ದನು. ಇದನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಎರಡು ಊರುಗಳ ಎರಡು ಧ್ವಜಸ್ತಂಭಗಳೇ ಸಾಕ್ಷಿಯಾಗಿವೆ.

ಮೊದಲನೆಯದು ಮದ್ದೂರಿನ ಬಳಿಯ ಶಿವಪುರದ್ದು. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಮಂಡ್ಯ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದುದು 1939ರಲ್ಲಿ. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸಂಸ್ಥಾನದ ಸರ್ಕಾರವು ನಿಷೇಧಾಜ್ಞೆ ಹೊರಡಿಸಿತ್ತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರೂ ಜೊತೆಗಾರರೂ ಆಜ್ಞೆಯನ್ನು ಬಹಿರಂಗವಾಗಿ ಮೀರಿ ಬಂಧನಕ್ಕೊಳಗಾದರು. ಅವರು ಬಯಸಿದ್ದು ಜವಾಬ್ದಾರಿ ಸರ್ಕಾರವನ್ನು; ಮಿಲ್ಲನ ಸಿದ್ಧಾಂತವನ್ನಲ್ಲ. ಆದರೂ ಸಭೆ ಸೇರುವ ಮತ್ತು ತಮ್ಮ ಅಭಿಪ್ರಾಯದ ಚಿಹ್ನೆಯನ್ನು ಎತ್ತಿ ಹಿಡಿಯುವ ಹಕ್ಕು ಅಲ್ಲಿ ಪಣವಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಸತ್ಯಾಗ್ರಹಿಗಳು ಆಜ್ಞೆಯನ್ನು ಮುಚ್ಚುಮರೆಯಿಲ್ಲದೆ ಮೀರಿದರು. ಅದರ ಫಲವಾದ ಶಿಕ್ಷೆಯನ್ನು ತಾವೇ ಹೊತ್ತರು. ಧ್ವಜಕ್ಕೆ ವಂದಿಸಬೇಕೆಂದು ಯಾರನ್ನೂ ಬಲವಂತಪಡಿಸಲಿಲ್ಲ. ಬಂದೂಕು ಹಿಡಿದವನು ಇತರರಿಂದ ಬೆಲೆ ತೆರಿಸುತ್ತಾನೆ. ಸತ್ಯಾಗ್ರಹಿಯು ತಾನೇ ಬೆಲೆ ತೆತ್ತು ಇತರರ ವಿವೇಚನೆಗೆ ಮೊರೆಯಿಡುತ್ತಾನೆ. ನೋಡುತ್ತಿದ್ದ ರೈತನು ಒಪ್ಪಬಹುದಿತ್ತು, ಒಪ್ಪದೆಯೂ ಇರಬಹುದಿತ್ತು. ಹಾಗೆ ಹರಡಿದ ಆದರ್ಶಕ್ಕೆ ಆತ್ಮವಿರೋಧದ ದೋಷ ತಟ್ಟುವುದಿಲ್ಲ.

ಆದರೆ ಈ ಮಾರ್ಗವು ಸುಲಭವೆಂದು ಯಾರೂ ತಿಳಿಯಬಾರದು. ಒಂದು ಪಕ್ಷವು ಬಲವನ್ನು ತೊರೆದ ಮಾತ್ರಕ್ಕೆ ಇನ್ನೊಂದು ಪಕ್ಷವೂ ತೊರೆಯುವುದಿಲ್ಲ. ಅದೇ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅದರ ಬಳಿಕ ಮೇ ತಿಂಗಳಲ್ಲಿ ಸರ್ದಾರ್ ಪಟೇಲರ ಮಧ್ಯಸ್ಥಿಕೆಯಿಂದ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಏರಿಸಲು ಅವಕಾಶ ದೊರೆಯಿತು. ಜವಾಬ್ದಾರಿ ಸರ್ಕಾರಕ್ಕಾದರೋ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಒಪ್ಪಿಗೆಯ ದಾರಿಯಲ್ಲಿ ಫಲವುಂಟು, ಆದರೆ ಅದು ನಿಧಾನವಾದುದು. ಅದರ ಬೆಲೆಯೂ ಕಡಿಮೆಯದಲ್ಲ.

ಎರಡನೆಯ ಸ್ತಂಭವು ಮಂಡ್ಯ ತಾಲ್ಲೂಕಿನ ಕೆರಗೋಡಿನದು. ಅಲ್ಲಿ ನೆಟ್ಟ 108 ಅಡಿಯ ಕಂಬದಲ್ಲಿ 2024ರ ಜನವರಿಯಲ್ಲಿ ಹನುಮಧ್ವಜವನ್ನು ಏರಿಸಲಾಯಿತು. ಪಂಚಾಯಿತಿಯ ಅನುಮತಿಯಿದೆಯೆಂದು ಏರಿಸಿದವರು ವಾದಿಸಿದರು. ಅನುಮತಿಯಿದ್ದುದು ರಾಷ್ಟ್ರಧ್ವಜ, ನಾಡಧ್ವಜಗಳಿಗೆ ಮಾತ್ರವೆಂದು ಆಡಳಿತವು ಹೇಳಿತು. ಜನವರಿ 28ರಂದು ಅಧಿಕಾರಿಗಳು ಅದನ್ನಿಳಿಸಿ ರಾಷ್ಟ್ರಧ್ವಜವನ್ನೇರಿಸಿದರು. ಪ್ರತಿಭಟನೆ, ಲಾಠಿಪ್ರಹಾರ, ನಿಷೇಧಾಜ್ಞೆಗಳಾದವು. 1938ರಲ್ಲಿ ನಿಷೇಧವನ್ನು ಮೀರಿ ಏರಿದ ಧ್ವಜವನ್ನು 2024ರಲ್ಲಿ ಪೊಲೀಸರ ಕಾವಲಿನಲ್ಲಿ ಏರಿಸಬೇಕಾಗಿ ಬಂದುದು ಆಲೋಚನೆಗೆ ಅರ್ಹವಾದ ಸಂಗತಿ.

ಇಲ್ಲಿ ಯಾವ ಪಕ್ಷದ ವಾದ ಸರಿಯೆಂದು ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ತನ್ನ ಮನೆಯ ಮೇಲೆ ತನ್ನ ನಂಬಿಕೆಯ ಧ್ವಜವನ್ನು ಕಟ್ಟುವುದು ವ್ಯಕ್ತಿಯ ಸ್ವಾತಂತ್ರ್ಯವೆಂಬುದು ನಿರ್ವಿವಾದ. ಊರಿನ ಸಾರ್ವಜನಿಕ ಕಂಬವಾದರೋ ಎಲ್ಲರಿಗೂ ಸೇರಿದುದು. ಅಲ್ಲಿ ಬಹುಮತವು ತನ್ನ ಚಿಹ್ನೆಯನ್ನೇರಿಸಿದರೆ ಒಪ್ಪದವನಿಗೆ ಹೇಳಲು ಏನು ಉಳಿಯುತ್ತದೆ? ಹಾಗೆಯೇ, ಮಾತುಕತೆಗೆ ಮುನ್ನ ಲಾಠಿ ಬಂದರೆ, ಶಾಸನವು ಪಾಲಿಸಲ್ಪಡಬಹುದಾದರೂ ಮನಸ್ಸು ಒಪ್ಪುತ್ತದೆಯೆ? ಇವೆರಡು ಪ್ರಶ್ನೆಗಳನ್ನು ಎರಡು ಪಕ್ಷದವರೂ ಕೇಳಿಕೊಳ್ಳಬೇಕು.

ಆದಕಾರಣ ಹರಡುವುದಕ್ಕೂ ಕಾಯುವುದಕ್ಕೂ ಇರುವ ಭೇದವನ್ನು ನಾವು ತಿಳಿಯಬೇಕು. ದುರ್ಬಲನ ಮೇಲೆ ಕೈಮಾಡುವವನನ್ನು ತಡೆಯಲು ಸರ್ಕಾರಕ್ಕೆ ಮಿತವಾದ ಬಲ ಬೇಕು. ಮಿಲ್ಲನೂ ಇದನ್ನು ಒಪ್ಪುತ್ತಾನೆ. ಇದು ಸ್ವಾತಂತ್ರ್ಯವನ್ನು ಕಾಯುವ ಕೆಲಸ. ಸ್ವಾತಂತ್ರ್ಯದಲ್ಲಿ ನಂಬಿಕೆ ಹುಟ್ಟಿಸುವ ಕೆಲಸಕ್ಕೆ ಮಾತ್ರ ಬಲವು ಸಲ್ಲದು. ಅದು ಮಾತಿನಿಂದ, ನಡತೆಯಿಂದ, ಅಗತ್ಯವಾದಲ್ಲಿ ಸ್ವಂತ ಕಷ್ಟಸಹನೆಯಿಂದ ಆಗತಕ್ಕದ್ದು. ಬಲವಿಲ್ಲದೆ ಈ ಆದರ್ಶ ಹರಡಬಲ್ಲುದೆ ಎಂಬ ಪ್ರಶ್ನೆಗೆ ಶಿವಪುರವು ಹೌದೆಂದು ಉತ್ತರಿಸಿದೆ. ಹರಡಿದುದನ್ನು ದಿನದಿನವೂ ನೆರೆಯವನ ಒಪ್ಪಿಗೆಯಿಂದ ಉಳಿಸಿಕೊಳ್ಳಬೇಕೆಂಬ ಎಚ್ಚರಿಕೆಯನ್ನು ಕೆರಗೋಡು ನೀಡಿದೆ.