ಅಧಿಕ ದಿನ, ಅಧಿಕ ಮಾಸ ಮತ್ತು ಮಳೆ ನಕ್ಷತ್ರ

ಕರ್ನಾಟಕದ ಒಕ್ಕಲು ಮನೆಗಳಲ್ಲಿ ಇಂದಿಗೂ ಮೂರು ಬಗೆಯ ಕಾಲಗಣನೆಗಳು ಒಟ್ಟಿಗೆ ಬಳಕೆಯಲ್ಲಿವೆ. ಶಾಲೆ, ಕಚೇರಿ, ಸಾಲದ ಕಂತುಗಳಿಗೆ ಇಂಗ್ಲಿಷ್ ತಾರೀಖು. ಹಬ್ಬ, ವ್ರತಗಳಿಗೆ ಚಾಂದ್ರಮಾನದ ತಿಥಿ. ಉಳುಮೆ, ಬಿತ್ತನೆಗಳಿಗೆ ಮಳೆ ನಕ್ಷತ್ರ. ಮೂರೂ ಎದುರಿಸುವ ತೊಡಕು ಒಂದೇ. ಋತುಚಕ್ರವೊಂದು ಪೂರ್ಣಗೊಳ್ಳಲು ಬೇಕಾಗುವ ಕಾಲ ಸುಮಾರು 365.2422 ದಿನ. ಅದು ಇಡಿಯ ದಿನಗಳಲ್ಲಾಗಲಿ ಇಡಿಯ ಚಾಂದ್ರಮಾಸಗಳಲ್ಲಾಗಲಿ ಮುಗಿಯುವುದಿಲ್ಲ. ಈ ಉಳಿಕೆಯನ್ನು ಎಲ್ಲಿ ಸೇರಿಸಬೇಕೆಂಬ ಪ್ರಶ್ನೆಗೆ ಮೂರು ಪದ್ಧತಿಗಳೂ ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಈ ಭೇದವನ್ನು ಅರಿಯದೆ ಜನಪದರ ಮಳೆ ಗಾದೆಗಳನ್ನು ಅರ್ಥೈಸಲು ಹೊರಟರೆ ತಪ್ಪು ನಿರ್ಣಯಗಳಿಗೆ ಎಡೆಯಾಗುತ್ತದೆ.

ಮೊದಲು ತಾರೀಖಿನ ಲೆಕ್ಕ. ಜೂಲಿಯಸ್ ಸೀಸರನು ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ಪದ್ಧತಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರುತ್ತಿತ್ತು. ಹೀಗೆ ವರ್ಷದ ಸರಾಸರಿ 365.25 ದಿನವಾಗಿ, ವಾಸ್ತವಕ್ಕಿಂತ ಸುಮಾರು 11 ನಿಮಿಷ ಹೆಚ್ಚಾಯಿತು. ಈ ಅಲ್ಪ ವ್ಯತ್ಯಾಸವೇ 128 ವರ್ಷಗಳಲ್ಲಿ ಒಂದು ದಿನವಾಗುತ್ತದೆ. 1582ರಲ್ಲಿ ಪೋಪ್ 13ನೆಯ ಗ್ರೆಗೊರಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸುವಂತೆ ಮಾಡಿ ಹಳೆಯ ದೋಷವನ್ನು ತೊಡೆದು, ಹೊಸ ನಿಯಮವನ್ನು ರೂಢಿಸಿದನು. ಬ್ರಿಟನ್ನು 1752ರಲ್ಲಿ ಒಪ್ಪಿಕೊಂಡ ಈ ಕ್ರಮವೇ ಆಡಳಿತದ ಮೂಲಕ ನಮ್ಮಲ್ಲಿಯೂ ನೆಲೆಗೊಂಡಿತು. ಅದರಂತೆ 4ರಿಂದ ನಿಶ್ಶೇಷವಾಗಿ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ ಶತಮಾನದ ವರ್ಷವಾದರೆ 400ರಿಂದ ಭಾಗವಾಗಬೇಕು. ಆದ್ದರಿಂದ 2024 ಅಧಿಕ ವರ್ಷ, 2000 ಅಧಿಕ ವರ್ಷ. 1900 ಅಲ್ಲ, 2100 ಸಹ ಅಲ್ಲ. 400 ವರ್ಷಗಳಲ್ಲಿ 97 ಅಧಿಕ ದಿನಗಳು ಸೇರಿ ಸರಾಸರಿ 365.2425 ದಿನವಾಗುತ್ತದೆ.

ಚಾಂದ್ರಮಾನದಲ್ಲಿ ಸೇರುವುದು ದಿನವಲ್ಲ, ತಿಂಗಳು. ಹನ್ನೆರಡು ಚಾಂದ್ರಮಾಸಗಳು ಸುಮಾರು 354 ದಿನಗಳಲ್ಲಿ ಮುಗಿಯುವುದರಿಂದ ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂದ ಗಣೇಶನ ಚೌತಿ 2025ರಲ್ಲಿ ಆಗಸ್ಟ್ 27ಕ್ಕೆ ಬಂದಿತು. 2026ರಲ್ಲಿ ಅಧಿಕ ಜ್ಯೇಷ್ಠ ಸೇರುವ ಕಾರಣ ಚೌತಿ ಮತ್ತೆ ಸೆಪ್ಟೆಂಬರ್ 14ಕ್ಕೆ ಮರಳುತ್ತದೆ. ಯಾವ ತಿಂಗಳು ಅಧಿಕವೆಂಬುದನ್ನು ತಿಳಿಯುವ ಸೂತ್ರ ಸರಳವಾದುದು: ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯೊಳಗೆ ಸೂರ್ಯಸಂಕ್ರಮಣ ನಡೆಯದಿದ್ದರೆ ಆ ತಿಂಗಳು ಅಧಿಕ, ಅದಕ್ಕೆ ಮುಂದಿನ ನಿಜಮಾಸದ ಹೆಸರೇ ಸಲ್ಲುತ್ತದೆ. 2023ರಲ್ಲಿ ಕರ್ಕ ಸಂಕ್ರಮಣವು ಜುಲೈ 17ರ ಅಮಾವಾಸ್ಯೆ ಮುಗಿಯುವ ಮೊದಲೇ ಆಗಿಹೋಗಿ, ಸಿಂಹ ಸಂಕ್ರಮಣವು ಆಗಸ್ಟ್ 16ರ ಅಮಾವಾಸ್ಯೆಯ ಮರುದಿನ ನಡೆಯಿತು. ನಡುವಿನ ತಿಂಗಳು ಅಧಿಕ ಶ್ರಾವಣವಾಯಿತು.

ಇಂತಹ ತಿಂಗಳು ಸರಾಸರಿ ಮೂವತ್ತೆರಡೂವರೆ ತಿಂಗಳಿಗೊಮ್ಮೆ ಬರುತ್ತದೆ. 19 ವರ್ಷಗಳಲ್ಲಿ ಏಳು. 2004ರ ಅಧಿಕ ಶ್ರಾವಣ 2023ರಲ್ಲಿ ಮರುಕಳಿಸಿದ್ದು ಈ ಆವರ್ತನದಿಂದಲೇ. ಆದರೆ ಆವರ್ತನವು ಸೂತ್ರಕ್ಕೆ ಬದಲಿಯಲ್ಲ: 2010ರಲ್ಲಿ ಅಧಿಕ ವೈಶಾಖವಿದ್ದರೆ 2029ರಲ್ಲಿ ಬರುವುದು ಅಧಿಕ ಚೈತ್ರ. ಅಧಿಕ ಮಾಸದಲ್ಲಿ 33 ಅಪೂಪಗಳನ್ನು ದಾನ ಕೊಡುವ ಆಚರಣೆಯನ್ನು ಮೂವತ್ಮೂರು ದೇವತೆಗಳೊಡನೆ ಸಂಬಂಧಿಸುವುದು ವಾಡಿಕೆ. ಅಧಿಕ ಮಾಸವು ಸುಮಾರಾಗಿ ಮೂವತ್ಮೂರನೆಯ ತಿಂಗಳಿಗೆ ಬರುವುದೂ ಇಲ್ಲಿ ಗಮನಾರ್ಹ. ಒಂದರಿಂದ ಮತ್ತೊಂದು ಹುಟ್ಟಿತೆಂದು ಹೇಳಲು ಇಷ್ಟೇ ಆಧಾರ ಸಾಲದಾದರೂ, ಲೆಕ್ಕವನ್ನು ನೆನಪಿನಲ್ಲಿಡಲು ಆಚರಣೆ ನೆರವಾಗುತ್ತದೆ.

ಮಳೆ ನಕ್ಷತ್ರಗಳ ಗಣನೆಗೆ ಅಧಿಕ ಮಾಸ ಬೇಕಿಲ್ಲ. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಹಾದುಹೋಗುವ ಕಾಲವೇ ಅದರ ವರ್ಷ. ಒಂದೊಂದು ಮಳೆಗೆ ಹದಿಮೂರೋ ಹದಿನಾಲ್ಕೋ ದಿನ. ಅಧಿಕ ಶ್ರಾವಣವಿದ್ದ 2023ರಲ್ಲಿಯೂ ಪುಷ್ಯ ಮಳೆ ಎಂದಿನಂತೆ ಜುಲೈ ಮೂರನೆಯ ವಾರದಲ್ಲಿಯೇ ಹುಟ್ಟಿತು. ಹಬ್ಬ ಒಂದು ತಿಂಗಳು ಕಾದರೂ ಬಿತ್ತನೆ ಕಾಯುವಂತಿಲ್ಲ. ತುಳುನಾಡಿನ ಪಗ್ಗು, ಬೇಶ ಮೊದಲಾದ ತಿಂಗಳುಗಳೂ ಸಂಕ್ರಮಣವನ್ನೇ ಅನುಸರಿಸುವುದರಿಂದ ಅಲ್ಲಿ ಅಧಿಕ ಮಾಸದ ಪ್ರಶ್ನೆ ಏಳುವುದಿಲ್ಲ. ಸಂಕ್ರಮಣದ ಕ್ಷಣವೇ ತಿಂಗಳ ಮೊದಲನ್ನು ನಿರ್ಧರಿಸುವಲ್ಲಿ ವರ್ಷಕ್ಕೆ ಕೆಲವೊಮ್ಮೆ 365, ಕೆಲವೊಮ್ಮೆ 366 ದಿನಗಳು ತಾವಾಗಿಯೇ ಒದಗುತ್ತವೆ. ಅಧಿಕ ದಿನ ಅಲ್ಲಿಯೂ ಉಂಟು. ಅದಕ್ಕೆ ಬೇರೆ ಹೆಸರಿಲ್ಲ ಅಷ್ಟೆ.

ಆದರೆ ಈ ಗಣನೆಗೂ ಒಂದು ಮಿತಿಯಿದೆ. ಸೂರ್ಯನು ಮತ್ತೆ ಅದೇ ನಕ್ಷತ್ರಕ್ಕೆ ಬರಲು 365.2564 ದಿನ ಬೇಕು. ಇದು ಋತುವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘ. ಆದ್ದರಿಂದ ಸಂಕ್ರಮಣಗಳೂ ಮಳೆ ನಕ್ಷತ್ರಗಳೂ ತಾರೀಖಿನಲ್ಲಿ ಸುಮಾರು 70 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತವೆ. ಸ್ವಾಮಿ ವಿವೇಕಾನಂದರು ಜನಿಸಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಇಂದು ಆ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಒಂದೆರಡು ತಲೆಮಾರುಗಳಲ್ಲಿ ಯಾರ ಗಮನಕ್ಕೂ ಬಾರದ ಈ ಜಾರು ಐನೂರು ವರ್ಷಗಳಲ್ಲಿ ಏಳು ದಿನ, ಅಂದರೆ ಅರ್ಧ ಮಳೆಯಷ್ಟಾಗುತ್ತದೆ.

ಇದರಿಂದ ಸಂಗ್ರಾಹಕರಿಗೆ ಒದಗುವ ಎಚ್ಚರಿಕೆ ಸ್ಪಷ್ಟ. ಭರಣಿ ಸುರಿದರೆ ಧರಣಿ ಬೆಳೆಯುತ್ತದೆಂಬ ಅರ್ಥದ ಗಾದೆ ಇಂದಿನ ಲೆಕ್ಕದಲ್ಲಿ ಏಪ್ರಿಲ್ ಕೊನೆಯ ಮಳೆಯನ್ನು ಕುರಿತದ್ದು. ಅದು ಹುಟ್ಟಿದ ಕಾಲದಲ್ಲಿ ಭರಣಿಯು ಋತುವಿನ ಇದೇ ಘಟ್ಟದಲ್ಲಿತ್ತೆಂದು ಭಾವಿಸುವಂತಿಲ್ಲ. ಗಾದೆ ಇಂದಿನ ಮಳೆಗೆ ಹೊಂದದಿದ್ದರೆ ಜನಪದರ ಅನುಭವವೇ ಸುಳ್ಳೆಂದು ಹೇಳುವುದೂ, ಹೊಂದಿದರೆ ಅದನ್ನು ಸಾರ್ವಕಾಲಿಕ ಸತ್ಯವೆಂದು ಸಾರುವುದೂ ಸಮಾನವಾಗಿ ಅವಸರದ ಮಾತುಗಳು. ಗಾದೆಯನ್ನು ದಾಖಲಿಸುವಾಗ ನಕ್ಷತ್ರವನ್ನು ತಾರೀಖಿಗೆ ಬದಲಿಸದೆ ನಕ್ಷತ್ರವಾಗಿಯೇ ಉಳಿಸಿ, ಸಂಗ್ರಹಿಸಿದ ವರ್ಷವನ್ನೂ ಊರನ್ನೂ ಜೊತೆಗೆ ಬರೆದಿಡುವುದು ಅಗತ್ಯ. ಆಗ ಮಾತ್ರ ಮುಂದಿನವರು ಮಳೆ ಬದಲಾಯಿತೋ ಲೆಕ್ಕ ಜಾರಿತೋ ಎಂಬುದನ್ನು ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ.