ಬೆಂಡಿನ ಮೀನು

ಗಾಳಕ್ಕೆ ಎರೆ ಒದಗಿಸುವುದೇ ಫಿನ್ಲೆಂಡ್ ದೇಶದ ಬಡ ಬೆಸ್ತ ಲೌರಿ ರಾಪಲನಿಗೆ ದೊಡ್ಡ ದುಡಿಮೆ. ಸಾಲು ಸಾಲು ಗಾಳಗಳಿಗೆ ಒಂದೊಂದಾಗಿ ಎರೆ ಸಿಕ್ಕಿಸಬೇಕು; ಸಂಸಾರದ ಹೊಟ್ಟೆಪಾಡು ಅದರ ಮೇಲೆಯೇ ನಿಂತಿತ್ತು.

ದೋಣಿಯಲ್ಲಿ ಕುಳಿತು ಆತ ಒಂದು ಸಂಗತಿಯನ್ನು ಕಂಡುಕೊಂಡ. ಸಣ್ಣ ಮೀನುಗಳ ಹಿಂಡಿಗೆ ನುಗ್ಗುವ ದೊಡ್ಡ ಮೀನು ಮೊದಲು ಹಿಡಿಯುವುದು, ಗಾಯಗೊಂಡು ಓಲಾಡುತ್ತ ಈಜುವ ಮೀನನ್ನು. ಹಾಗೆ ಓಲಾಡುವ ಮೀನೊಂದನ್ನು ತಾನೇ ಏಕೆ ಮಾಡಬಾರದು?

1936ರಲ್ಲಿ ಜೋಡು ಹೊಲಿಯುವವರ ಚಾಕುವಿನಿಂದ ಬೆಂಡನ್ನು ಮೀನಿನಂತೆ ಕೆತ್ತಿದ. ಮೈ ಮಿನುಗಲೆಂದು ಚಾಕೊಲೇಟಿಗೆ ಸುತ್ತಿದ ಬೇಗಡೆಯನ್ನು ಅಂಟಿಸಿದ. ವಾರ್ನಿಷಿಗೆ ದುಡ್ಡಿಲ್ಲ, ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದ.

ರೂಪ ಬಂದರೆ ಸಾಲದು, ನಡೆಯೂ ಬರಬೇಕಷ್ಟೆ! ಒಂದು ಮಗ್ಗುಲು ಕೊಂಚ ಭಾರವಾದರೂ ಬೆಂಡಿನ ಮೀನು ಹೊರಳಿಬಿಡುತ್ತದೆ. ಆದ್ದರಿಂದ ಕೆತ್ತುವುದು, ನೀರಿನಲ್ಲಿ ಎಳೆದು ನೋಡುವುದು, ಮತ್ತೆ ಕೆತ್ತುವುದು.

1962ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಇದರ ವೃತ್ತಾಂತವನ್ನು ಅಚ್ಚುಹಾಕಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆಗತಾನೆ ತೀರಿಕೊಂಡಿದ್ದ ನಟಿ ಮರ್ಲಿನ್ ಮನ್ರೋಳ ಚಿತ್ರ. ಸಂಚಿಕೆ ಮನೆಮನೆ ಸೇರಿತು. ಬಡವನ ಬೆಂಡಿನ ಮೀನು ಲೋಕಪ್ರಸಿದ್ಧವಾಯಿತು.

ಇಂದಿನ ಹವ್ಯಾಸಿಗಳ ಕೈಯಲ್ಲಿ ಹಗುರವಾದ ಮರ, ರೆಸಿನ್, ಮೆತ್ತನೆಯ ಪ್ಲಾಸ್ಟಿಕ್ ಎಲ್ಲವೂ ಇವೆ. ಆದರೂ ಚಾಕು ಹಿಡಿಯುವ ಮುನ್ನ, ರಾಪಲನಂತೆ ಕುಳಿತು ಕೊಂಚ ಹೊತ್ತು ನೀರನ್ನು ನೋಡುವುದು ಒಳ್ಳೆಯದು.