ಅಪ್ಪಣೆ ಕೊಡುವ ಪಿನ್, ಹೊಣೆ ಹೊರುವ ಕರ್ನೆಲ್

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ತೋಟಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಕಾಣದ ಮಕ್ಕಳು ವಿರಳ. ಹಸಿರು ಗುಂಡಿಯನ್ನು ಒತ್ತಿದಾಗ ಅಲ್ಪ ಪ್ರವಾಹವೊಂದು ಒಳಗಿನ ಕಾಯಿಲನ್ನು ಅಯಸ್ಕಾಂತವಾಗಿಸುತ್ತದೆ. ಅದು ಸೆಳೆದು ಕೂಡಿಸಿದ ಸಂಪರ್ಕಗಳ ಮೂಲಕ ಮೋಟಾರಿಗೆ ಬೇಕಾದ ದೊಡ್ಡ ಪ್ರವಾಹ ಹರಿಯುತ್ತದೆ. ಅಪ್ಪಣೆಯ ದಾರಿ ಬೇರೆ, ಶಕ್ತಿಯ ದಾರಿ ಬೇರೆ.

ಅಂಗೈಯಗಲದ ಕಂಪ್ಯೂಟರಿನಲ್ಲಿಯೂ ಇದೇ ತತ್ತ್ವವಿದೆ. ಅಲ್ಲಿ ವೋಲ್ಟೇಜನ್ನು ಹದದಲ್ಲಿಡುವ ಪುಟ್ಟ ಬಿಡಿಭಾಗವೇ ರೆಗ್ಯುಲೇಟರ್. ಮನೆಯ ಸ್ಟೆಬಿಲೈಸರಿನ ಕಿರಿಯ ತಮ್ಮನೆನ್ನಬಹುದು. ಅದಕ್ಕೆ ಅಪ್ಪಣೆ ಕೊಡುವುದು ಒಂದು ಪಿನ್. ಆ ಪಿನ್ನನ್ನು ಆಳುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್.

ರಾಸ್ಪ್‌ಬೆರಿ ಪೈ 4 ಎಂಬ ಕಂಪ್ಯೂಟರನ್ನು ನೋಡೋಣ. ಅದರ ಮೆಮೊರಿ ಕಾರ್ಡು ಮೊದಲು 3.3 ವೋಲ್ಟಿನ ಸಂಕೇತಗಳಲ್ಲಿ ಮಾತನಾಡುತ್ತದೆ. ಹೆಚ್ಚಿನ ವೇಗ ಬೇಕಾದಾಗ 1.8 ವೋಲ್ಟಿಗೆ ಇಳಿಯುತ್ತದೆ. ಪಿನ್ ಕೆಳಮಟ್ಟದಲ್ಲಿದ್ದರೆ 3.3, ಮೇಲ್ಮಟ್ಟಕ್ಕೇರಿದರೆ 1.8. ಕೆಲಸ ಇಷ್ಟೇ ಎಂದು ತೋರಬಹುದು. ಆದರೆ ಪಿನ್ ಬದಲಾದೊಡನೆ ವೋಲ್ಟೇಜು ನೆಲೆಗೊಳ್ಳದು. ಅದಕ್ಕೆ 5 ಮಿಲಿಸೆಕೆಂಡುಗಳ ಬಿಡುವನ್ನು ನಿಗದಿಪಡಿಸಲಾಗಿದೆ. ಅವಸರಪಟ್ಟರೆ ಓದುಬರಹ ಕೆಡುತ್ತದೆ. ಕಾರ್ಡಿನಲ್ಲಿರುವ ಪಾಠಗಳೂ ಚಿತ್ರಗಳೂ ಅಪಾಯಕ್ಕೀಡಾಗುತ್ತವೆ.

ಇನ್ನೊಂದು ತೊಡಕೂ ಉಂಟು. ಯಂತ್ರವನ್ನು ಮರಳಿ ಆರಂಭಿಸಿದಾಗ ಕಂಪ್ಯೂಟರು 3.3ರಿಂದ ಮಾತು ತೊಡಗುತ್ತದೆ. ವಿದ್ಯುತ್ತು ಕಡಿಯದೆ ಉಳಿದ ಕಾರ್ಡು ಮಾತ್ರ 1.8ರಲ್ಲಿಯೇ ಇರುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಯಂತ್ರ ಏಳದೆ ಹೋಗಬಹುದು. ಆದ್ದರಿಂದಲೇ ಕಾರ್ಡಿನ ವಿದ್ಯುತ್ತನ್ನು ಪೂರ್ತಿ ಕಡಿದು ಕೊಡಲು ಮತ್ತೊಂದು ಪಿನ್ ಇದೆ.

ಇಂಥ ಕೆಲಸವನ್ನು ಪ್ರತಿಯೊಂದು ಡ್ರೈವರೂ ತನ್ನಿಚ್ಛೆಯಂತೆ ಮಾಡಿದರೆ ಅನಾಹುತ ತಪ್ಪದು. ಎರಡು ಉಪಕರಣಗಳು ಒಂದೇ ರೆಗ್ಯುಲೇಟರನ್ನು ನೆಚ್ಚಿರುವಾಗ ಒಂದರ ಡ್ರೈವರು ಅದನ್ನು ಆರಿಸಿಬಿಟ್ಟರೆ ಇನ್ನೊಂದರ ಗತಿಯೇನು? ಇದಕ್ಕಾಗಿ 2008ರಲ್ಲಿ ಲಿನಕ್ಸ್ ಕರ್ನೆಲಿಗೆ ರೆಗ್ಯುಲೇಟರ್ ಚೌಕಟ್ಟು ಸೇರಿತು. ಡ್ರೈವರು ತನಗೆ ಬೇಕಾದ ವೋಲ್ಟೇಜನ್ನು ಕೇಳುತ್ತದೆ, ಅಷ್ಟೆ. ಚೌಕಟ್ಟು ಬಳಕೆದಾರರನ್ನು ಎಣಿಸಿ, ಕೊನೆಯವನೂ ಬಿಟ್ಟ ಮೇಲೆ ಮಾತ್ರ ವಿದ್ಯುತ್ತನ್ನು ನಿಲ್ಲಿಸುತ್ತದೆ. ನಿಗದಿಯಾದ ಮಿತಿಯನ್ನು ಮೀರಿದ ಬೇಡಿಕೆಯನ್ನು ನಿರಾಕರಿಸುತ್ತದೆ.

ಆ ಮಿತಿಗಳು, ಬಿಡುವಿನ ಕಾಲ, ಯಾವ ಪಿನ್ ಎಂಬ ವಿವರ ಎಲ್ಲವೂ ‘ಡಿವೈಸ್ ಟ್ರೀ’ ಎಂಬ ಕಡತದಲ್ಲಿರುತ್ತವೆ. ಕೆಲವು ರೆಗ್ಯುಲೇಟರುಗಳು ಪಿನ್ ಮೇಲೇರಿದಾಗ ಚಾಲೂ ಆದರೆ, ಕೆಲವು ಕೆಳಗಿಳಿದಾಗ ಚಾಲೂ ಆಗುತ್ತವೆ. ಈ ಒಂದು ಪದವನ್ನು ತಪ್ಪಾಗಿ ಬರೆದರೂ ‘ಆರಿಸು’ ಎಂಬ ಅಪ್ಪಣೆ ‘ಹೊತ್ತಿಸು’ ಎಂದಾಗಿಬಿಡುತ್ತದೆ.

ಲಿನಕ್ಸಿನ ಈ ಕಡತಗಳು ಎಲ್ಲರಿಗೂ ಮುಕ್ತವಾಗಿವೆ. ಅಲ್ಲಿ ವೋಲ್ಟೇಜನ್ನು ಮೈಕ್ರೋವೋಲ್ಟುಗಳಲ್ಲಿ ಬರೆಯುತ್ತಾರೆ. 3300000, 1800000 ಎಂಬ ಅಂಕಿಗಳನ್ನು ಹತ್ತು ಲಕ್ಷದಿಂದ ಭಾಗಿಸಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿ ರಾಸ್ಪ್‌ಬೆರಿ ಪೈ 4ರ ಕಡತದಲ್ಲಿ ಈ ಎರಡು ಪಿನ್ನುಗಳನ್ನೂ ತಾನೇ ಹುಡುಕಿ ಓದಬಹುದು.